ನೆರಿಯದ ಕೋವಿಯ ಸೂಜಿ

ಕೋವಿ ರಿಪೇರಿ ಕಲಿಯಬೇಕೆಂದು ಈಗಲೂ ಅಪರೂಪಕ್ಕೆ ಯಾರಾದರೂ ತರುಣರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ನಾನು ಎಂತೆಂಥ ಕೋವಿಗಳನ್ನು ನೋಡಿದ್ದೇನೆ ಎಂದು. ಕೋವಿಗಳ ಹೆಸರು ಹೇಳಿದರೆ ಅವರಿಗೆ ಖುಷಿ. ನನಗೆ ನೆನಪಿರುವುದು ಮಾತ್ರ ಕೋವಿಯನ್ನು ಹೊತ್ತುಕೊಂಡು ಬಂದವರ ಮುಖಗಳು. ಆದ್ದರಿಂದ ಇಲ್ಲಿ ಅವರ ವಿಷಯವನ್ನೇ ಹೆಚ್ಚು ಬರೆಯುತ್ತೇನೆ.

ನಮ್ಮದು ಬಡಗಿಗಳ ಮನೆ. ಯುದ್ಧದ ಕಾಲದಲ್ಲಿ ನಾನು ಸೈನ್ಯದ ಆಯುಧ ದುರಸ್ತಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಬಂಟ್ವಾಳ ಪೇಟೆಯ ನರಸಿಂಹ ಪೈಗಳ ಅಂಗಡಿ ಸೇರಿಕೊಂಡೆ. ನಮ್ಮ ಜಿಲ್ಲೆ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಅಂಗಡಿಯ ಎದುರು ಭಾಗದಲ್ಲಿ ಪಟಾಕಿ, ಗರ್ನಾಲು, ಕೋವಿಯ ಮದ್ದು, ತೋಟೆ. ಹಿಂದೆ, ನೇತ್ರಾವತಿ ಕಾಣುವ ಕಿಟಕಿಯ ಬಳಿ, ನನ್ನ ಕೆಲಸದ ಮೇಜು. ಪೈಗಳು ಮನೆಯಲ್ಲಿ ಕೊಂಕಣಿ, ಗಿರಾಕಿಗಳೊಡನೆ ತುಳು ಮಾತಾಡುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಕನ್ನಡ. ಶಾಲೆಯಲ್ಲಿ ಮೇಷ್ಟ್ರು ಬೈದದ್ದೆಲ್ಲ ಕನ್ನಡದಲ್ಲೇ ಆದ್ದರಿಂದ ಬೈಗುಳಕ್ಕೆ ಅದೇ ಸರಿಯಾದ ಭಾಷೆ ಎಂದು ಅವರು ನಂಬಿದ್ದರು. ಅವರ ಬಾಯಿಯಿಂದ ಕನ್ನಡ ಹೊರಟಿತೆಂದರೆ ನಾನು ಕೈಯಲ್ಲಿದ್ದ ಅರವನ್ನು ಕೆಳಗಿಡುತ್ತಿದ್ದೆ.

ಅವರು ನನಗೆ ಕಲಿಸಿದ ಮೊದಲ ಪಾಠ ಮೂಡಬಿದಿರೆಯ ಒಂದು ಕೋವಿಯದ್ದು. ಅಲ್ಲಿನ ಜೈನ ಮನೆತನದ ಹಿರಿಯರೊಬ್ಬರು ಅಟ್ಟದಲ್ಲಿದ್ದ ಅಜ್ಜನ ಕಾಲದ, ಬಾಯಿಯಿಂದ ಮದ್ದು ತುಂಬಿಸುವ ಕೇಪಿನ ಕೋವಿಯನ್ನು ತಂದಿದ್ದರು. ಮಂಗಗಳು ತೆಂಗಿನ ತೋಟವನ್ನು ಹಾಳು ಮಾಡುತ್ತಿದ್ದವು.

"ಯಾವ ಜೀವಕ್ಕೂ ತಾಗಬಾರದು. ಶಬ್ದ ಮಾತ್ರ ಬರುವ ಹಾಗೆ ಮಾಡಿಕೊಡಿ," ಎಂದರು.

"ಶಬ್ದ ಸಾಕಾದರೆ ಗರ್ನಾಲು ಉಂಟಲ್ಲ, ಅದನ್ನೇ ತಗೊಂಡು ಹೋಗಿ," ಎಂದು ಪೈಗಳು ನಗಾಡಿದರು. ನಗುತ್ತಲೇ ಕೋವಿಯ ನಳಿಗೆಯೊಳಗೆ ಉದ್ದದ ಕಡ್ಡಿ ಇಳಿಸಿ, ಅದು ಎಲ್ಲಿಗೆ ನಿಂತಿತೆಂದು ಹೊರಗಡೆ ಹಿಡಿದು ಅಳೆದರು. ಕಡ್ಡಿ ತಳ ಮುಟ್ಟಿರಲಿಲ್ಲ. ಒಳಗೆ ಮದ್ದು, ಗುಂಡು ಎರಡೂ ಇದ್ದವು. ಅಜ್ಜ ತುಂಬಿಸಿಟ್ಟದ್ದು. ಇರುವೆಗೂ ನೋವಾಗಬಾರದೆಂದು ನಡೆದುಕೊಂಡು ಬಂದ ಆ ಮನೆಯವರು ಮೂರು ತಲೆಮಾರಿನಿಂದ ಗುಂಡು ತುಂಬಿದ ಕೋವಿಯ ಕೆಳಗೇ ಮಲಗಿ ಎದ್ದಿದ್ದರು. ಹಿರಿಯರು ಎರಡೂ ಕೈ ಜೋಡಿಸಿದರು. ಅಷ್ಟು ವರ್ಷ ತಡೆದುಕೊಂಡಿದ್ದ ಕೋವಿಗೆ ಮುಗಿದರೋ, ದೇವರಿಗೆ ಮುಗಿದರೋ ಗೊತ್ತಾಗಲಿಲ್ಲ. ಆಮೇಲೆ ಗರ್ನಾಲನ್ನೇ ಕಟ್ಟಿಸಿಕೊಂಡು ಹೋದರು.

"ನೋಡಿದೆಯಾ ಶೀನ," ಎಂದರು ಪೈಗಳು. "ತಂದವರು ಏನು ಹೇಳ್ತಾರೆ ಅಂತ ಪೂರ್ತಿ ಕೇಳಬೇಕು. ಕೇಳಿ ಆದ ಮೇಲೆ ಒಳಗೆ ನೋಡಬೇಕು. ಅವರು ಸುಳ್ಳು ಹೇಳ್ತಾರೆ ಅಂತ ಅಲ್ಲ. ಅವರಿಗೂ ಗೊತ್ತಿರುವುದಿಲ್ಲ."

ಕಲ್ಯಾಣಿ ಶೆಡ್ತಿಯವರು ಬಂದದ್ದು ಇದಾಗಿ ಕೆಲವು ವರ್ಷಗಳ ನಂತರ. ಏಣೆಲು, ಅಂದರೆ ಮಳೆಗಾಲದ ಬೆಳೆ, ಗದ್ದೆಯಲ್ಲಿ ತೆನೆ ಬಿಡುವ ಹೊತ್ತು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹಳೆಯ ಕಂಬಳಿಯಲ್ಲಿ ಸುತ್ತಿದ ಉದ್ದದ ಕಟ್ಟನ್ನು ಹೆಗಲಿಗೆ ಆನಿಸಿಕೊಂಡು ನೆರಿಯದಿಂದ ಒಬ್ಬರೇ ಬಂದಿದ್ದರು. ಕಾಡಿನ ಅಂಚಿನಲ್ಲಿ ಅವರ ಗದ್ದೆ. ಲೈಸನ್ಸಿನಲ್ಲಿ ಗಂಡನ ಹೆಸರಿನ ಕೆಳಗೆ ಅವರ ಹೆಸರೂ ಇತ್ತು.

ಕಂಬಳಿ ಬಿಚ್ಚಿದಾಗ ಪೈಗಳೂ ಎದ್ದು ಬಂದರು. ಮೂಲದಲ್ಲಿ ಅದು ಸೈನ್ಯದ ರೈಫಲ್. ಘಟ್ಟದ ಬುಡದ ತೋಟದಲ್ಲಿದ್ದ ಒಬ್ಬ ಬಿಳಿಯ ದೊರೆ ಅದನ್ನು ಬೇಟೆಗೆ ಬೇಕಾದಂತೆ ಮಾರ್ಪಡಿಸಿಕೊಂಡಿದ್ದ. ನಳಿಗೆ ಮೋಟು ಮಾಡಿ, ಸೈನ್ಯದ ದಪ್ಪ ಮರವನ್ನು ಕಿತ್ತುಹಾಕಿ, ಕೆನ್ನೆ ಊರಲು ಜಾಗ ಬಿಟ್ಟು ಚಂದದ ಹೊಸ ಹಿಡಿ ಕೂರಿಸಿದ್ದ. ಹಿಡಿಯ ಮೇಲೆ ಎಲೆಬಳ್ಳಿಯ ಕೆತ್ತನೆ ಇತ್ತು. ಕಲ್ಯಾಣಿಯಕ್ಕನ ಗಂಡ ಬಾಬು ಶೆಟ್ಟರು ಆ ದೊರೆಯ ಶಿಕಾರಿ. ದೇಶ ಬಿಟ್ಟು ಹೋಗುವಾಗ ದೊರೆ ಅದನ್ನು ಅವರಿಗೇ ಕೊಟ್ಟು ಹೋಗಿದ್ದ.

"ಇದು ಹೊಡೆಯುವುದಿಲ್ಲ," ಎಂದರು ಕಲ್ಯಾಣಿಯಕ್ಕ. "ಟ್ರಿಗರ್ ಎಳೆದರೆ ಟಿಕ್ ಅಂತ ಹೇಳ್ತದೆ, ಅಷ್ಟೇ. ಹಂದಿಗಳು ನನ್ನ ಎದುರೇ ಗದ್ದೆ ಮಗುಚಿ ಹಾಕಿ ಹೋದವು. ಬೇಗ ಸರಿ ಮಾಡಿಕೊಡಿ ಆಚಾರ್ರೇ, ಬಸ್ಸಿಗೆ ಹೊತ್ತಾಗ್ತದೆ."

"ಶೆಟ್ಟರು ಬರಲಿಲ್ವಾ?" ಎಂದು ಪೈಗಳು ಕೇಳಿದರು.

"ಅವರಿಗೆ ಮಳೆಗಾಲ ಹಿಡಿಯುವಾಗಲೇ ಲಕ್ವ ಹೊಡೆಯಿತು. ಬಲಗೈ ಇಲ್ಲ, ಬಾಯಿ ಇಲ್ಲ." ಇಷ್ಟು ಹೇಳಿ ಆಕೆ ಕಿಟಕಿಯ ಕಡೆ ನೋಡಿದರು. "ಮದುವೆಯಾದ ಹೊಸತರಲ್ಲಿ ನನಗೆ ಗುರಿ ಇಡಲಿಕ್ಕೆ ಕಲಿಸಿದ್ದೇ ಅವರು. ಈಗ ನಾನು ಇದನ್ನು ಗೋಡೆಯಿಂದ ತೆಗೆದರೆ ಸಾಕು, ಎಡಗೈಯಲ್ಲಿ ಮಂಚಕ್ಕೆ ಬಡಿದು ಕಿರಿಚುತ್ತಾರೆ. ಬೇರೆ ಯಾರಿದ್ದಾರೆ ಗದ್ದೆ ಕಾಯಲಿಕ್ಕೆ? ಇಷ್ಟು ವರ್ಷ ಯಾವುದಕ್ಕೂ ಬೇಡ ಅಂದವರಲ್ಲ. ಈಗ ಬಿದ್ದಲ್ಲಿಂದ ನನ್ನ ಮೇಲೆ ದರ್ಬಾರು. ಅವರಿಗೆ ಮಾತು ಬರುವುದಿಲ್ಲ, ನಾನೂ ಮಾತು ಬಿಟ್ಟಿದ್ದೇನೆ."

ನಾನು ಬೋಲ್ಟನ್ನು ಹೊರತೆಗೆದೆ. ತೋಟೆಯ ಬೆನ್ನಿಗೆ ಅಡ್ಡ ನಿಂತು ಬೀಗದಂತೆ ಹಿಡಿಯುವ ಉಕ್ಕಿನ ತುಂಡು ಅದು. ಅದರೊಳಗಿನ ಸೂಜಿ ಮುಂದಕ್ಕೆ ಚಿಮ್ಮಿ ತೋಟೆಗೆ ಚುಚ್ಚಿದಾಗಲೇ ಈಡು ಹಾರುವುದು. ಸೂಜಿಯ ತುದಿ ಗಿಡ್ಡವಾಗಿತ್ತು. ಅದು ತೋಟೆಯನ್ನು ಮುಟ್ಟುತ್ತಲೇ ಇರಲಿಲ್ಲ.

"ಇಷ್ಟೇ ಅಲ್ವಾ?" ಎಂದರು ಪೈಗಳು. "ಪೆಟ್ಟಿಗೆಯಲ್ಲಿ ಹಳೆಯ ಸೂಜಿ ಉಂಟು. ಸ್ವಲ್ಪ ಉಜ್ಜಿ ಕೂರಿಸಿ ಕೊಡು ಮಾರಾಯ. ಪಾಪ, ಅವರು ದೂರ ಹೋಗಬೇಕು."

ಕೂರಿಸಿ ಕೊಡಬಹುದಿತ್ತು. ದೊಡ್ಡ ಕೆಲಸವೇನೂ ಅಲ್ಲ. ಆದರೆ ಮುರಿದ ಉಕ್ಕಿನ ತುದಿ ಕಲ್ಲುಸಕ್ಕರೆಯ ಹಾಗೆ ಕಾಳುಕಾಳಾಗಿರುತ್ತದೆ. ಈ ಸೂಜಿಯ ತುದಿ ನುಣುಪಾಗಿತ್ತು. ಯಾರೋ ಅದಕ್ಕೆ ಅರ ಹಾಕಿದ್ದರು. ಹಾಕಿದ ಮೇಲೆ ಉಜ್ಜು ಕಾಗದದಿಂದ ಉಜ್ಜಿ ದುಂಡಗೆ ಮಾಡಿದ್ದರು. ಕೆಲಸ ಗೊತ್ತಿದ್ದವರು ಬೇಕೆಂದೇ ನಿಧಾನವಾಗಿ ಮಾಡಿದ್ದು. ಇಬ್ಬರಿಗೂ ಅದನ್ನು ತೋರಿಸಿ ಹೇಳಿದೆ.

ಅದು ಮನಸ್ಸಿಗೆ ಬಂದ ಮೇಲೆ ಉಳಿದದ್ದನ್ನೂ ನೋಡದೆ ಇರಲು ಆಗಲಿಲ್ಲ. ಕಲ್ಯಾಣಿಯಕ್ಕ ತಂದಿದ್ದ ತಗಡಿನ ಡಬ್ಬಿಯಲ್ಲಿ ಹೊಸ ತೋಟೆಗಳ ಜತೆ ಹಾರಿಸಿದ ಒಂದು ಖಾಲಿ ತೋಟೆಯೂ ಇತ್ತು. ಅದರ ಬುಡದ ಸುತ್ತ ಉಂಗುರದಂತೆ ಸೀಳು ಬಿದ್ದಿತ್ತು. ತೋಟೆ ಕೂರುವ ಕೋಣೆಗೆ ದೀಪ ಹಿಡಿದು ನೋಡಿದಾಗ ಕಾರಣ ಗೊತ್ತಾಯಿತು. ಸೈನ್ಯದ ತೋಟೆ ಜನಸಾಮಾನ್ಯರಿಗೆ ಸಿಗುವುದಿಲ್ಲವೆಂದು, ಬೇರೆ ಜಾತಿಯ ತೋಟೆ ಹಿಡಿಯುವಂತೆ ಯಾರೋ ಆ ಕೋಣೆಯನ್ನು ಮತ್ತೆ ಕೊರೆದಿದ್ದರು. ಕೊರೆದವನ ಕೈ ಅಳತೆ ಮೀರಿ ಒಳಗೆ ಹೋಗಿತ್ತು. ತೋಟೆ ಅಲ್ಲಿ ಬಿಗಿಯಾಗಿ ಕೂರದೆ ಅಲ್ಲಾಡುತ್ತಿತ್ತು. ಅಲ್ಲಾಡುವ ತೋಟೆ ಸಿಡಿದರೆ ಬುಡ ಹರಿಯುತ್ತದೆ. ಹರಿದ ಕಡೆಯಿಂದ ಬೆಂಕಿಯ ಗಾಳಿ ನುಗ್ಗುವುದು ಹೊಡೆಯುವವರ ಮುಖಕ್ಕೆ.

ನಾನು ಕರೆಯುವ ಮೊದಲೇ ಪೈಗಳು ಆ ಸೀಳು ತೋಟೆಯನ್ನು ಕೈಗೆ ತೆಗೆದುಕೊಂಡಿದ್ದರು. ಕನ್ನಡಕ ಹಾಕಿಕೊಂಡರು.

"ಚಿಮಿಣಿ ಎಣ್ಣೆ ತಾ. ಸೀಮೆಸುಣ್ಣ ತಾ," ಎಂದರು. ಕನ್ನಡದಲ್ಲಿ.

ಈ ಪರೀಕ್ಷೆಯನ್ನು ನನಗೆ ಕಲಿಸಿದವರು ಅವರೇ. ಬೋಲ್ಟನ್ನು ಚಿಮಿಣಿ ಎಣ್ಣೆಯಲ್ಲಿ ನೆನೆಸಿ, ತೆಗೆದು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಕಾಯಬೇಕು. ಕಣ್ಣಿಗೆ ಕಾಣದ ಬಿರುಕೇನಾದರೂ ಇದ್ದರೆ ಒಳಗೆ ಹೋದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಸುಣ್ಣವನ್ನು ಒದ್ದೆ ಮಾಡುತ್ತದೆ. ನಾವು ಮೂವರೂ ಮೇಜಿನ ಸುತ್ತ ನಿಂತು ಕಾದೆವು. ಬೋಲ್ಟಿನ ತುದಿಯಲ್ಲಿ ಬೀಗದ ಕಿವಿಗಳಂತಿರುವ ಎರಡು ಉಬ್ಬುಗಳಿರುತ್ತವೆ. ಪೂರ್ತಿ ಹೊಡೆತ ತಾಳುವುದು ಅವೇ. ಒಂದರ ಬುಡದಲ್ಲಿ, ಬಿಳಿಯ ಸುಣ್ಣದ ಮೇಲೆ, ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ ಮೂಡಿತು.

ಪೈಗಳು ಕನ್ನಡಕ ತೆಗೆದರು. "ಸೂಜಿ ಹಾಕಿ ಕೊಟ್ಟಿದ್ದರೆ..." ಎಂದು ಶುರು ಮಾಡಿ, ಕಲ್ಯಾಣಿಯಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು.

ಆಕೆಗೆ ಅಷ್ಟು ಸಾಕಾಯಿತು. ಆದರೆ ಕೇಳಿದ್ದು ಬೇರೆ ಪ್ರಶ್ನೆ. "ಸೂಜಿಗೆ ಅರ ಹಾಕಿದ್ದು ಯಾರು?"

"ಮನೆಯಲ್ಲಿ ಕೋವಿ ಬಿಚ್ಚಲು ಗೊತ್ತಿರುವವರು ಯಾರಕ್ಕ?" ಎಂದೆ ನಾನು.

"ಅವರೊಬ್ಬರೇ." ಆಕೆ ಮೇಜಿನ ಮೇಲಿದ್ದ ಸೂಜಿಯನ್ನು ಬೆರಳಿನಲ್ಲಿ ಆಚೆ ತಳ್ಳಿದರು. "ಅಂದರೆ ನಾನು ಮುಟ್ಟಬಾರದು ಅಂತಲೇ ಮಾಡಿಟ್ಟದ್ದು. ಬೀಳುವ ಮೊದಲೇ ಮಾಡಿದ್ದಾರೆ. ನೋಡಿ, ಎಂಥ ಮನಸ್ಸು!"

ಹಾಗಲ್ಲ ಎನ್ನಲು ನನ್ನ ಬಾಯಿ ತೆರೆಯಿತು. ಆದರೆ ನನಗೆ ಗೊತ್ತಿದ್ದದ್ದು ಉಕ್ಕಿನ ವಿಷಯ ಮಾತ್ರ. ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಗೆ ಹೇಳಲಿ? ಪೈಗಳೇ ದಾರಿ ತೋರಿಸಿದರು. "ಕೋಣೆ ಕೊರೆದದ್ದು ಯಾರು, ಎಷ್ಟು ಈಡು ಹೊಡೆದದ್ದು ಅಂತ ಕೇಳದೆ ಈ ಕೋವಿಗೆ ಕೈ ಹಾಕುವ ಹಾಗಿಲ್ಲ. ಶೀನ, ನಾಳೆ ನೀನು ನೆರಿಯಕ್ಕೆ ಹೋಗಿ ಬಾ. ಮಾತು ಬಾರದಿದ್ದರೆ ತಲೆಯಾದರೂ ಆಡಿಸಿಯಾರು." ಆಮೇಲೆ ಗರ್ನಾಲಿನ ದೊಡ್ಡ ಕಟ್ಟೊಂದನ್ನು ಕಲ್ಯಾಣಿಯಕ್ಕನ ಕೈಗೆ ಕೊಟ್ಟು, "ಈ ಬೆಳೆ ಮುಗಿಯುವ ತನಕ ಇದರಲ್ಲೇ ಸುಧಾರಿಸುವ," ಎಂದರು.

ಮರುದಿನ ಪುಂಜಾಲಕಟ್ಟೆ, ಬೆಳ್ತಂಗಡಿ ದಾಟಿ ಬಸ್ಸು ಬದಲಿಸಿ, ಕಕ್ಕಿಂಜೆಯಲ್ಲಿ ಇಳಿದು ನೆರಿಯಕ್ಕೆ ನಡೆದೆ. ಬಾಬು ಶೆಟ್ಟರು ಚಾವಡಿಯ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಎತ್ತರದ ಆಳು. ಮುಖದ ಒಂದು ಬದಿ ಕೆಳಗೆ ಜಾರಿತ್ತು. ಕಣ್ಣು ಮಾತ್ರ ಚುರುಕು. ಬಂಟ್ವಾಳದ ಕೋವಿ ಅಂಗಡಿಯವನು ಎಂದು ನಾನು ಹೇಳಿದ್ದೇ ತಡ, ಅವರ ನೋಟ ನನ್ನ ಚೀಲಕ್ಕೆ ಬಿತ್ತು. ಕಲ್ಯಾಣಿಯಕ್ಕ ಬಾಗಿಲ ಬಳಿ ಕೈಕಟ್ಟಿ ನಿಂತರು.

ನಾನು ಏನೂ ಕೇಳಲಿಲ್ಲ. ಸೂಜಿಯನ್ನೂ ಸೀಳಿದ ತೋಟೆಯನ್ನೂ ಅವರ ಎಡ ಅಂಗೈಯಲ್ಲಿಟ್ಟೆ.

ಹೆಬ್ಬೆರಳಿನಲ್ಲಿ ಅವೆರಡನ್ನೂ ಬೇರೆ ಮಾಡಿ ಅವರು ಮೊದಲು ತೋಟೆಯನ್ನು ಎತ್ತಿಕೊಂಡರು. ಸೀಳಿನ ಮೇಲೆ ಉಗುರು ಆಡಿಸಿದರು. ಅದನ್ನು ಹೆಂಡತಿಯ ಕಡೆಗೆ ಎತ್ತಿ ಹಿಡಿದರು. ನಂತರ ಅದೇ ಕೈಯನ್ನು ತಮ್ಮ ಬಲಗೆನ್ನೆಗೆ ಒಯ್ದರು. ಅಲ್ಲಿ ಚರ್ಮದೊಳಗೆ ಸಾಸಿವೆಯಂತೆ ನಾಲ್ಕಾರು ನೀಲಿ ಚುಕ್ಕೆಗಳಿದ್ದವು. ಸುಟ್ಟ ಮದ್ದು ಕೂತ ಗುರುತು. ಮತ್ತೆ ಕೈ ಚಾಚಿ ಬೆರಳನ್ನು ಹೆಂಡತಿಯ ಮುಖದ ಕಡೆಗೆ ತೋರಿಸಿ, ಬೇಡ, ಬೇಡ ಎಂದು ತಲೆಯಾಡಿಸಿದರು. ಗಂಟಲಿನಿಂದ ಒಂದು ಸ್ವರ ಹೊರಟಿತು. ಕಲ್ಯಾಣಿಯಕ್ಕ ಕಿರಿಚುವುದು ಎಂದಿದ್ದ ಸ್ವರ ಅದೇ ಇರಬೇಕು. ನನಗೆ ಅದು ಅಂಗಲಾಚುವ ಹಾಗೆ ಕೇಳಿಸಿತು.

"ನನ್ನ ಮುಖಕ್ಕಾ?" ಎಂದರು ಕಲ್ಯಾಣಿಯಕ್ಕ. "ನನಗೆ ತಾಗ್ತದೆ ಅಂತಲಾ?"

ಅವರು ಕಣ್ಣು ಮುಚ್ಚಿ ತೆರೆದರು. ಹೌದು.

ಕಲ್ಯಾಣಿಯಕ್ಕ ಹತ್ತಿರ ಬಂದು ಮಂಚದ ಕಾಲ ಬಳಿ ನೆಲದಲ್ಲೇ ಕುಳಿತರು. "ಬೀಳುವ ವಾರ ಬಂಟ್ವಾಳಕ್ಕೆ ಹೋಗ್ಲಿಕ್ಕುಂಟು ಅಂತ ಹೇಳ್ತಾ ಇದ್ದರು ಆಚಾರ್ರೇ. ನೇಜಿ ನೆಡುವ ಗಡಿಬಿಡಿ. ಎಂತಕ್ಕೆ ಅಂತ ನಾನು ಕೇಳಲೇ ಇಲ್ಲ. ಕೆನ್ನೆಗೆ ಎಂತಾಯಿತು ಅಂತಲೂ ಕೇಳಲಿಲ್ಲ." ಸೆರಗಿನ ತುದಿಯಿಂದ ಗಂಡನ ಬಾಯಿಯ ಓರೆ ಒರೆಸಿದರು. ಅದೇ ತುದಿಯಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಮತ್ತೆ ಗಂಡನಿಗೆ ಹೇಳತೊಡಗಿದರು: "ನಾನು ಎಂತೆಂತ ಗ್ರಹಿಸಿದೆ ಗೊತ್ತುಂಟಾ ನಿಮಗೆ? ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡು..."

ನಾನು ಅಂಗಳಕ್ಕಿಳಿದು ಹಟ್ಟಿಯ ಕಡೆ ಹೋದೆ. ಅಲ್ಲಿ ಒಂದು ಎಮ್ಮೆ ಇತ್ತು. ಅದರ ಹಣೆ ತುರಿಸುತ್ತಾ ಬಹಳ ಹೊತ್ತು ನಿಂತೆ. ಚಾವಡಿಯಿಂದ ಕಲ್ಯಾಣಿಯಕ್ಕನ ಸ್ವರ ನಿಲ್ಲದೆ ಕೇಳುತ್ತಿತ್ತು.

ಹೊರಡುವ ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ. "ಶೆಟ್ಟರೇ, ಇದನ್ನು ಸರಿ ಮಾಡಬಹುದು. ಕಷ್ಟ ಉಂಟು, ಆದರೆ ಆಗ್ತದೆ. ಬೇಡ ಅಂದರೆ ಠಾಣೆಗೇ ಒಪ್ಪಿಸಿ ಬಿಡುವ. ಎಂತ ಮಾಡುವ?"

ಅವರು ಹೆಂಡತಿಯ ಕಡೆ ನೋಡಿದರು. ಎಡಗೈಯಲ್ಲಿ ಕೋವಿ ಹಿಡಿದ ಹಾಗೆ ಮಾಡಿದರು. ಅದರ ಹಿಡಿ ಇರಬೇಕಾದ ಕಡೆ ಅಂಗೈಯನ್ನು ಗರಗಸದಂತೆ ಆಡಿಸಿದರು. ಹಿಡಿಯನ್ನು ಕತ್ತರಿಸು, ಅವಳ ಹೆಗಲಿಗೆ ಸರಿಹೊಂದುವಂತೆ ಮಾಡು ಎಂದು. ಕೈ ಆಡಿಸುವಾಗ ದಣಿದು, ನಡುವೆ ನಿಲ್ಲಿಸಿ, ಮತ್ತೆ ಆಡಿಸಿದರು.

ಆ ಕೆಲಸ ಮುಂದಿನ ಮಳೆಗಾಲದವರೆಗೂ ಎಳೆಯಿತು. ಬಿರುಕು ಬಿಟ್ಟ ಬೋಲ್ಟಿಗೆ ಬೆಸುಗೆ ಹಾಕಿದರೆ ಸಾಲದೇ ಎಂದು ಈಗಿನವರು ಕೇಳಿಯಾರು. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ, ಅದನ್ನು ಮಾಡಲೇಬಾರದು. ಮದ್ರಾಸಿನಿಂದ ಅದೇ ಜಾತಿಯ ಬೇರೆ ಬೋಲ್ಟು ತರಿಸಲು ಪೈಗಳು ಪಟ್ಟ ಪಾಡನ್ನು ಬರೆದರೆ ಅದೇ ಒಂದು ಪುಸ್ತಕ. ನಳಿಗೆಯನ್ನು ಮಂಗಳೂರಿನ ಲೇತಿಗೆ ಒಯ್ದು, ಹಿಂದಿನ ಕೆಟ್ಟ ಭಾಗವನ್ನು ಕತ್ತರಿಸಿ, ತಿರುಪಿನ ಹೊಸ ಮರೆ ಹಾಕಿಸಿ, ಕೋಣೆಯನ್ನು ಸರಿಯಾದ ಅಳತೆಗೆ ಮತ್ತೆ ಕೊರೆಸಿದೆವು. ಅದನ್ನು ಮೊದಲು ಕೊರೆದು ಕೆಡಿಸಿದವನು ಯಾರೆಂದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ಹಿಂದೆಲ್ಲ ನಾವು ಖಾಲಿ ತೋಟೆಯ ಬೆನ್ನಿಗೆ ಕಾಗದದ ಚೂರು ಅಂಟಿಸಿ, ಬೋಲ್ಟು ಮುಚ್ಚುತ್ತದೋ ಇಲ್ಲವೋ ಎಂದು ಕೈಯ ಅಂದಾಜಿನಲ್ಲೇ ಕೋಣೆಯ ಆಳ ನೋಡುತ್ತಿದ್ದೆವು. ಈ ಕೋವಿಗಾಗಿ ಪೈಗಳು ಮೊದಲ ಬಾರಿಗೆ ಆಳ ಅಳೆಯುವ ಉಕ್ಕಿನ ಗೇಜು ತರಿಸಿದರು. ಅದು ಬಂದ ಮೇಲೆ ಕಾಗದದ ಕಾಲ ಮುಗಿಯಿತು. ಕೈಯ ಅಂದಾಜನ್ನು ಹೊಗಳುವವರು ಈಗಲೂ ಇದ್ದಾರೆ. ನಾನು ಗೇಜಿನ ಪರ.

ಕೊನೆಗೆ ಹಿಡಿ. ನನಗೆ ಹೆಚ್ಚು ನೋವು ಕೊಟ್ಟ ಕೆಲಸ ಅದು. ಎತ್ತರದ ದೊರೆಗೆಂದು ಮಾಡಿದ ಅಂಥ ಚಂದದ ಮರಕ್ಕೆ ಗರಗಸ ಇಡಲು ಬಡಗಿಯ ಮಗನಿಗೆ ಮನಸ್ಸು ಬರುವುದಿಲ್ಲ. ಎಲೆಬಳ್ಳಿಯ ಕೆತ್ತನೆ ಉಳಿಯುವಂತೆ ನೋಡಿಕೊಂಡು ಹಿಂದಿನಿಂದ ಕತ್ತರಿಸಿದೆ. ಒದೆತ ತಡೆಯಲು ರಬ್ಬರಿನ ಮೆತ್ತೆ ಕೂರಿಸಿ, ಮರಕ್ಕೆ ದಿನಗಟ್ಟಲೆ ಅಗಸೆ ಎಣ್ಣೆ ತಿಕ್ಕಿದೆ.

ಪರೀಕ್ಷೆಗೆ ಫರಂಗಿಪೇಟೆಯ ಬಳಿ ಬಿಟ್ಟುಹೋದ ಕೆಂಪು ಕಲ್ಲಿನ ಕೋರೆಯೊಂದಕ್ಕೆ ಹೋದೆವು. ಮುಂಚಿತವಾಗಿ ಠಾಣೆಗೆ ತಿಳಿಸಿದ್ದೆವು. ಕೋವಿಯನ್ನು ಮರದ ಚೌಕಟ್ಟಿಗೆ ಬಿಗಿದು, ಟ್ರಿಗರಿಗೆ ಉದ್ದದ ಹಗ್ಗ ಕಟ್ಟಿ, ಕಲ್ಲಿನ ಗೋಡೆಯ ಮರೆಯಿಂದ ಎಳೆದೆ. ನಾವೇ ಸರಿ ಮಾಡಿದ ಕೋವಿಯಾದರೂ ಮೊದಲ ಈಡನ್ನು ಕೈಯಲ್ಲಿ ಹಿಡಿದು ಹೊಡೆಯಬಾರದು. ಧೈರ್ಯ ತೋರಿಸುವ ಕೆಲಸ ಇದಲ್ಲ. ಪ್ರತಿ ಈಡಿನ ನಂತರ ಪೈಗಳು ಖಾಲಿ ತೋಟೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಬೋಲ್ಟಿಗೆ ಮತ್ತೆ ಸುಣ್ಣ ಉದುರಿಸಿದೆವು. ಸುಣ್ಣ ಬಿಳಿಯಾಗಿಯೇ ಉಳಿಯಿತು. ಆಮೇಲೆಯೇ ನಾನು ಅದನ್ನು ಹೆಗಲಿಗೆ ಏರಿಸಿದ್ದು.

ನೆರಿಯಕ್ಕೆ ನಾನೇ ಒಯ್ದು ಕೊಟ್ಟೆ. ಶೆಟ್ಟರ ಮಂಚವನ್ನು ಅಂಗಳಕ್ಕೆ ತಂದಿದ್ದರು. ಗದ್ದೆಯಾಚೆಯ ಗೋಡೆಯಂಥ ಮಣ್ಣಿನ ದರೆಗೆ ಒಂದು ಅಡಿಕೆ ಹಾಳೆ ನಿಲ್ಲಿಸಿ ಕಲ್ಯಾಣಿಯಕ್ಕ ಗುರಿ ಹಿಡಿದರು. ಶೆಟ್ಟರು ಮಂಚದಿಂದ ಎಡಗೈ ಚಾಚಿ ಅವರ ಬಲ ಮೊಣಕೈಗೆ ಮೆಲ್ಲಗೆ ತಟ್ಟಿದರು. ಇನ್ನೂ ಸ್ವಲ್ಪ ಮೇಲೆ ಎಂದು.

"ಗೊತ್ತುಂಟು ನನಗೆ," ಎಂದರು ಕಲ್ಯಾಣಿಯಕ್ಕ. ಹಾಗೆಂದು ಮೊಣಕೈ ಎತ್ತಿದರು.

ಈಡು ಹಾಳೆಯ ನಡುವಿಗೆ ಬೀಳಲಿಲ್ಲ, ಅಂಚಿಗೆ ಬಿತ್ತು. ಎರಡನೆಯದು ಸರಿಯಾಗಿಯೇ ಬಿತ್ತು.

ಆ ವರ್ಷದ ಏಣೆಲು ಕೊಯ್ಲು ಮುಗಿದ ಮೇಲೆ ಕಲ್ಯಾಣಿಯಕ್ಕ ಕೋವಿ ಎಣ್ಣೆಗೆಂದು ಅಂಗಡಿಗೆ ಬಂದರು. ಹಂದಿ ಬಂದಿತ್ತೇ ಎಂದು ಪೈಗಳು ಕೇಳಿದರು.

"ಬಾರದೆ ಇರ್ತದಾ? ಬೆಳಕು ಹರಿಯುವಾಗ ಬಂತು. ದೊಡ್ಡ ಹೆಣ್ಣು ಹಂದಿ. ಗುರಿಗೆ ಸರಿಯಾಗಿ ಸಿಕ್ಕಿತ್ತು ಮಾರಾಯ್ರೇ. ನೋಡ್ತೇನೆ, ಹಿಂದೆ ಮರಿಗಳ ಸಾಲು. ಗೆರೆಗೆರೆ ಮೈ. ಒಂದಕ್ಕಂತೂ ನಡೆಯಲಿಕ್ಕೇ ಬರುವುದಿಲ್ಲ. ಎಂತ ಮಾಡುವುದು? ಕೋವಿ ಮೇಲಕ್ಕೆತ್ತಿ ಹೊಡೆದೆ. ಎಲ್ಲ ಓಡಿದವು."

"ಮತ್ತೆ ಬರಲಿಲ್ಲವಾ?"

"ಬಂದವು. ಮತ್ತೆ ಮೇಲಕ್ಕೇ ಹೊಡೆದೆ." ಆಕೆ ಎಣ್ಣೆಯ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡರು. "ಮನೆಗೆ ಹೋಗಿ ಇವರಿಗೆ ಹೇಳಿದೆ. ಅಷ್ಟು ದೊಡ್ಡ ಶಿಕಾರಿಯ ಹೆಂಡತಿ ಮರಿ ನೋಡಿ ಕೋವಿ ಆಕಾಶಕ್ಕೆ ಎತ್ತಿದಳು ಅಂತ ಬೈದಾರು ಅಂದುಕೊಂಡಿದ್ದೆ. ನಗಾಡಿದರು ಆಚಾರ್ರೇ. ಬಿದ್ದ ಮೇಲೆ ಇದೇ ಮೊದಲು. ಒಂದೇ ಬದಿಗೆ ಹೋಗ್ತದೆ ನಗು, ಅರ್ಧ ಮುಖದಲ್ಲಿ. ಆದರೆ ನನಗೆ ಪೂರ್ತಿ ಕಾಣ್ತದೆ."

ಆಕೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಪೈಗಳು ಬಾಗಿಲ ತನಕ ಹೋಗಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದರು.